ಹತ್ತು ಗುಂಟೆಯಿಂದ ಎರಡು ಎಕರೆ ಹುಲ್ಲುಹಾಸಿಗೆ ಯಾವ ಗೊಬ್ಬರದ ಸ್ಪ್ರೆಡರ್ ಕೊಳ್ಳಬೇಕು?

ಗೊಬ್ಬರ ಹಾಕಿ ಏಳೆಂಟು ದಿನ ಕಳೆದರೆ ಲಾನು ನೋಡಿಯೇ ಅದನ್ನು ಹೇಗೆ ಹಾಕಿದ್ದಾರೆಂದು ಹೇಳಬಹುದು. ಎರಡು ಅಡಿ ಅಗಲದ ಕಡುಹಸಿರು ಪಟ್ಟೆ, ಅದರ ಪಕ್ಕದಲ್ಲೊಂದು ಮಾಸಲು ಪಟ್ಟೆ ಇದ್ದರೆ ಡ್ರಾಪ್ ಸ್ಪ್ರೆಡರ್, ಅಂದರೆ ಗೊಬ್ಬರವನ್ನು ನೇರ ಕೆಳಗೆ ಉದುರಿಸುವ ಯಂತ್ರ, ಸಾಲು ತಪ್ಪಿದೆ. ಅಂಚು ಮಸುಕಾದ ಅಗಲ ಅಲೆಗಳಿದ್ದರೆ ರೋಟರಿ, ಅಂದರೆ ತಿರುಗುವ ತಟ್ಟೆಯಿಂದ ಗೊಬ್ಬರ ಚಿಮ್ಮಿಸುವ ಯಂತ್ರ, ನೂಕಿದವರು ಸಾಲಿನಿಂದ ಸಾಲಿಗೆ ಅಂತರ ಹೆಚ್ಚು ಬಿಟ್ಟಿದ್ದಾರೆ. ಊಟದ ತಟ್ಟೆಯಷ್ಟಗಲ ಸುಟ್ಟ ಕಲೆ ಬಿದ್ದಿದ್ದರೆ ಯಂತ್ರವನ್ನು ಹುಲ್ಲಿನ ಮೇಲೆಯೇ ನಿಲ್ಲಿಸಿಕೊಂಡು ಗೊಬ್ಬರ ತುಂಬಿದ್ದಾರೆ. ಚುಕ್ಕೆಚುಕ್ಕೆಯಾಗಿ, ಯಾವ ಕ್ರಮವೂ ಇಲ್ಲದೆ ಹಸಿರಾಗಿದ್ದರೆ ಕೈಯಲ್ಲಿ ಎರಚಿದ್ದಾರೆ.

ಭತ್ತದ ಗದ್ದೆಗೆ ಯೂರಿಯಾ ಎರಚಿ ಪಳಗಿದ ಕೈ ಐದು ಗುಂಟೆ ಲಾನನ್ನು ಚೆನ್ನಾಗಿಯೇ ನಿಭಾಯಿಸುತ್ತದೆ. ಗದ್ದೆಯಲ್ಲಿ ನಿಂತ ನೀರು ಗೊಬ್ಬರವನ್ನು ಒಂದಿಷ್ಟು ಹರಡಿಕೊಡುತ್ತದೆ, ಪೈರಿನಲ್ಲಿ ಏರುಪೇರಾದರೂ ಕಣ್ಣಿಗೆ ಬೀಳುವುದಿಲ್ಲ. ಒಂದಿಂಚು ಎತ್ತರಕ್ಕೆ ಕತ್ತರಿಸಿದ ಹುಲ್ಲಿನಲ್ಲಿ ಪ್ರತಿ ಹಿಡಿ ಗೊಬ್ಬರವೂ ಎದ್ದು ಕಾಣುತ್ತದೆ. ಕಲ್ಯಾಣ ಮಂಟಪದ ಲಾನು, ಅಪಾರ್ಟ್‌ಮೆಂಟಿನ ಮಧ್ಯದ ಅಂಗಳ, ರೆಸಾರ್ಟು, ಶಾಲೆಯ ಮೈದಾನ, ತೋಟದ ಮನೆಯ ಸುತ್ತಲಿನ ಹುಲ್ಲು ಹತ್ತು ಗುಂಟೆ ದಾಟಿತೆಂದರೆ ಯಂತ್ರ ಬೇಕೇಬೇಕು. ಯಾವ ಯಂತ್ರ ಎನ್ನುವುದನ್ನು ಲಾನಿನ ಅಳತೆಗಿಂತ ಮೊದಲು ನೀವು ಹಾಕುವ ಗೊಬ್ಬರವೇ ತೀರ್ಮಾನಿಸುತ್ತದೆ. ಹಾಗಾಗಿ ಗೊಬ್ಬರದ ಲೆಕ್ಕದಿಂದ ಶುರುಮಾಡೋಣ.

ಗುಂಟೆಗೆ ಎಷ್ಟು?

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರಡಿ. ಮೀಟರಿನಲ್ಲಿ 101 ಚದರ ಮೀಟರ್, ನಮ್ಮ ಕೆಲಸಕ್ಕೆ ನೂರು ಎಂದಿಟ್ಟುಕೊಂಡರೆ ಸಾಕು. ಹೊರಗಿನಿಂದ ಬರುವ ಸ್ಪ್ರೆಡರುಗಳ ಕೈಪಿಡಿಯಲ್ಲಿ ಎಲ್ಲ ಲೆಕ್ಕವೂ ಸಾವಿರ ಚದರಡಿಗೆ ಇರುತ್ತದೆ. ಅದು ಹೆಚ್ಚುಕಡಿಮೆ ನಮ್ಮ ಗುಂಟೆಯೇ.

ಗರಿಕೆ ಜಾತಿಯ ಹುಲ್ಲಿಗೆ, ಅಂದರೆ ನರ್ಸರಿಯವರು ಬರ್ಮುಡಾ, ಸೆಲೆಕ್ಷನ್ ಒನ್ ಎಂದೆಲ್ಲ ಕರೆಯುವ ಹುಲ್ಲಿಗೆ, ಒಂದು ಸಲಕ್ಕೆ ಗುಂಟೆಗೆ ಅರ್ಧ ಕಿಲೋ ಸಾರಜನಕ ಮೇಲ್ಮಿತಿ. ಗೊಬ್ಬರದ ಲೆಕ್ಕದಲ್ಲಿ ಅದು ಹೀಗೆ (ಚೀಲದ ಮೇಲಿನ ಮೊದಲ ಸಂಖ್ಯೆಯೇ ಸಾರಜನಕದ ಶೇಕಡಾವಾರು): 17:17:17 ಆದರೆ ಸುಮಾರು 3 ಕಿಲೋ, 20:20:0:13 ಆದರೆ 2.5 ಕಿಲೋ, ಅಮೋನಿಯಂ ಸಲ್ಫೇಟ್ ಆದರೆ 2.4 ಕಿಲೋ. ಶೇಕಡಾ 46 ಸಾರಜನಕವಿರುವ ಯೂರಿಯಾದಲ್ಲಿ 1.1 ಕಿಲೋಗೇ ಅಷ್ಟಾಗುತ್ತದೆ. ಆದರೆ ಯೂರಿಯಾ ಬೇಗ ಕರಗಿ ಬೇಗ ಸುಡುವ ಗೊಬ್ಬರ, ಒಂದೇ ಸಲಕ್ಕೆ ಅಷ್ಟು ಹಾಕುವುದು ಬೇಡ. ಅರ್ಧ, ಅಂದರೆ 550 ಗ್ರಾಂ ಹಾಕಿ, ಉಳಿದರ್ಧವನ್ನು ಮೂರ್ನಾಲ್ಕು ವಾರ ಬಿಟ್ಟು ಹಾಕಿ.

ಈ 550 ಗ್ರಾಮನ್ನು ನೂರು ಚದರ ಮೀಟರಿನಲ್ಲಿ ಸಮವಾಗಿ ಹರಡಬೇಕು ಎಂದರೆ ಪ್ರತಿ ಚದರ ಮೀಟರಿಗೆ ಐದೂವರೆ ಗ್ರಾಂ, ಒಂದು ಟೀ ಚಮಚದಷ್ಟು. ಇಷ್ಟು ತೆಳ್ಳಗೆ ಬಿಡುವುದು ಎಲ್ಲ ಯಂತ್ರಕ್ಕೂ ಆಗುವ ಕೆಲಸವಲ್ಲ. ಗೊಬ್ಬರ ಬೀಳುವ ರಂಧ್ರವನ್ನು ತೆರೆದು ಮುಚ್ಚುವ ಗೇಟನ್ನು ಕನಿಷ್ಠಕ್ಕೆ ಇಳಿಸಿದಾಗ ಆ ರಂಧ್ರ ಕಾಳಿನಷ್ಟೇ ಕಿರಿದಾಗುತ್ತದೆ. ಅಲ್ಲಿ ಎರಡು ಕಾಳು ಒಟ್ಟಿಗೆ ಸಿಕ್ಕಿಕೊಂಡರೆ ಆ ಸಾಲಿಡೀ ಖಾಲಿ. ಗುಂಟೆಗೆ ಮೂರು ಕಿಲೋ ಬೀಳುವ, 17:17:17ನಂಥ ಕಾಂಪ್ಲೆಕ್ಸ್ ಗೊಬ್ಬರದಲ್ಲಿ ಗೇಟು ಹೆಚ್ಚು ತೆರೆದಿರುವುದರಿಂದ ಸಣ್ಣಪುಟ್ಟ ತಪ್ಪು ಮುಚ್ಚಿಹೋಗುತ್ತದೆ. ಲಾನಿಗೆ ಯೂರಿಯಾಕ್ಕಿಂತ ಕಾಂಪ್ಲೆಕ್ಸ್ ಕಾಳುಗೊಬ್ಬರವೇ ವಾಸಿ ಎನ್ನಲು ಇದೊಂದು ಕಾರಣ. ಯೂರಿಯಾ ಚೀಲ ಸಬ್ಸಿಡಿಯಲ್ಲಿ ಬರುವುದು ರೈತರ ಹೊಲಕ್ಕೆಂದು ಎನ್ನುವುದು ಇನ್ನೊಂದು.

ಕಾಳಿನ ಗಾತ್ರವನ್ನೂ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬೇವು ಲೇಪಿತ ಯೂರಿಯಾ ರಾಗಿಯಷ್ಟು ಸಣ್ಣ, ಹಗುರ. ಡಿಎಪಿ, ಕಾಂಪ್ಲೆಕ್ಸ್ ಕಾಳುಗಳು ಸಣ್ಣ ಸಾಬಕ್ಕಿಯಷ್ಟು ದಪ್ಪ, ತೂಕವೂ ಹೆಚ್ಚು. ತಿರುಗುವ ತಟ್ಟೆಯಿಂದ ಚಿಮ್ಮಿದಾಗ ಭಾರದ ಕಾಳು ದೂರ ಹೋಗುತ್ತದೆ, ಹಗುರ ಕಾಳು ಹತ್ತಿರವೇ ಬೀಳುತ್ತದೆ. ಯೂರಿಯಾ ಮತ್ತು ಪೊಟ್ಯಾಷ್ ಎರಡನ್ನೂ ಬೆರೆಸಿ ರೋಟರಿಗೆ ತುಂಬಿದರೆ ಸಾಲಿನ ನಡುವೆ ಒಂದು, ಅಂಚಿನಲ್ಲಿ ಇನ್ನೊಂದು ಬೀಳುವುದು ಇದರಿಂದಲೇ. ಯೂರಿಯಾದ ಜೊತೆ ಸೂಪರ್ ಫಾಸ್ಫೇಟ್ ಬೆರೆಸಿಟ್ಟರಂತೂ ನೀರೊಡೆದು ಪಾಯಸವಾಗುತ್ತದೆ. ಬೇರೆಬೇರೆ ಗೊಬ್ಬರವನ್ನು ಬೇರೆಬೇರೆ ಸುತ್ತಿನಲ್ಲಿ ಹಾಕಿ.

ಡ್ರಾಪ್ ಸ್ಪ್ರೆಡರ್

ಹಾಪರಿನ, ಅಂದರೆ ಗೊಬ್ಬರ ತುಂಬುವ ತೊಟ್ಟಿಯ, ತಳದಲ್ಲಿ ಸಾಲು ರಂಧ್ರ, ಅದರ ಮೇಲೆ ಚಕ್ರದ ಜೊತೆಗೇ ತಿರುಗುತ್ತ ಗೊಬ್ಬರ ಕೆದಕುವ ಸರಳು. ಗೊಬ್ಬರ ನೇರ ಕೆಳಗೆ, ಎರಡು ಚಕ್ರಗಳ ನಡುವೆ ಬೀಳುತ್ತದೆ. ಗಾಳಿಯ ತೊಂದರೆಯಿಲ್ಲ, ಹೂವಿನ ಪಾತಿಗೆ, ಈಜುಕೊಳಕ್ಕೆ, ಕಲ್ಲುಹಾಸಿಗೆ ಒಂದು ಕಾಳೂ ಸಿಡಿಯುವುದಿಲ್ಲ. ಜರಡಿ ಹಿಡಿದ ಸುಣ್ಣ, ಜಿಪ್ಸಂ, ಬೇವಿನ ಹಿಂಡಿಯ ಪುಡಿಯಂಥವನ್ನು ಹಾಕಲು ಇದೇ ಸರಿ. ಪುಡಿಯನ್ನು ರೋಟರಿಗೆ ಹಾಕಿದರೆ ಮೂರು ಪಾಲಿನಲ್ಲಿ ಒಂದು ಪಾಲು ನಿಮ್ಮ ಮುಖದ ಮೇಲಿರುತ್ತದೆ.

ದೊಡ್ಡ ಲಾನಿನಲ್ಲಿ ಇದರ ತೊಂದರೆ ನಡಿಗೆ. ಸಾಮಾನ್ಯ ಡ್ರಾಪ್ ಸ್ಪ್ರೆಡರಿನ ಅಗಲ 56 ಸೆಂಟಿಮೀಟರ್. ಒಂದು ಎಕರೆ ಮುಗಿಸಲು 7.2 ಕಿಲೋಮೀಟರ್ ನಡೆಯಬೇಕು. ಪಟ್ಟೆ ಬೀಳದಂತೆ ಅರ್ಧರ್ಧ ಗೊಬ್ಬರವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹಾಕುವುದಾದರೆ ಹದಿನಾಲ್ಕೂವರೆ ಕಿಲೋಮೀಟರ್. ಮೂರು ಗಂಟೆಗೂ ಮೀರಿದ ನಡಿಗೆ, ಅದೂ ಪ್ರತಿ ಸಾಲಿನಲ್ಲೂ ಚಕ್ರವನ್ನು ಹಿಂದಿನ ಸಾಲಿನ ಚಕ್ರದ ಗುರುತಿನ ಮೇಲೆಯೇ ಓಡಿಸುತ್ತ. ನಾಲ್ಕು ಬೆರಳು ಆಚೆ ಸರಿದರೆ ಹಳದಿ ಗೆರೆ, ಈಚೆ ಸರಿದರೆ ಕಡುಹಸಿರು ಗೆರೆ. ಒಂದು ಗಂಟೆಯ ಮೇಲೆ ಅಷ್ಟು ಗಮನ ಇಟ್ಟುಕೊಳ್ಳುವುದು ಯಾರಿಗಾದರೂ ಕಷ್ಟ.

ಇನ್ನೊಂದು ದೋಷವೂ ಇದೆ. ಹಾಪರು ನೆಲಕ್ಕೆ ಹತ್ತಿರ. ಇಬ್ಬನಿ ಬಿದ್ದ ಹುಲ್ಲು ತಳಕ್ಕೆ ಸವರಿ ರಂಧ್ರಗಳು ಒದ್ದೆಯಾಗುತ್ತವೆ, ಗೊಬ್ಬರ ಅಂಟಿ ಎರಡೋ ಮೂರೋ ರಂಧ್ರ ಮುಚ್ಚಿಹೋಗುತ್ತವೆ, ನೂಕುವವರಿಗೆ ಗೊತ್ತೇ ಆಗುವುದಿಲ್ಲ. ಪ್ರತಿ ಹತ್ತು ಸಾಲಿಗೊಮ್ಮೆ ನಿಲ್ಲಿಸಿ ತಳ ನೋಡುವ ಅಭ್ಯಾಸ ಬೇಕು. ಉಬ್ಬುತಗ್ಗಿನ ನೆಲದಲ್ಲಿ ತಳದ ತಗಡು ಕೆರೆಯುತ್ತದೆ. ಹತ್ತು ಗುಂಟೆಯ ಒಳಗೆ ಪಾತಿ, ಕಾಲುದಾರಿ, ಕಾರಂಜಿಗಳಿಂದ ತುಂಡುತುಂಡಾದ ಲಾನಿಗೆ ಡ್ರಾಪ್ ಒಳ್ಳೆಯದು. ಅದರಾಚೆಗೆ ಅಂಚಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ.

ನೂಕುವ ರೋಟರಿ

ಹತ್ತು ಗುಂಟೆಯಿಂದ ಎರಡು ಎಕರೆವರೆಗೆ ನಾವು ಹೇಳುವುದು ಇದನ್ನೇ. ಹಾಪರಿನ ಕೆಳಗೆ ರೆಕ್ಕೆಗಳಿರುವ ತಟ್ಟೆ, ಚಕ್ರದ ಅಚ್ಚಿನಿಂದ ಗೇರಿನ ಮೂಲಕ ಅದಕ್ಕೆ ತಿರುಗು. ನೀವು ನಡೆದರೆ ಮಾತ್ರ ತಟ್ಟೆ ತಿರುಗುತ್ತದೆ. ಒಳ್ಳೆಯ ಯಂತ್ರದಲ್ಲಿ ಕಾಂಪ್ಲೆಕ್ಸ್ ಕಾಳು ಎರಡೂ ಬದಿ ಸೇರಿ ಐದು ಮೀಟರಿನವರೆಗೆ ಚಿಮ್ಮುತ್ತದೆ, ಅದರಲ್ಲಿ ಸಾಲಿಗೆ ಲೆಕ್ಕ ಹಿಡಿಯಬಹುದಾದ ಅಗಲ ಮೂರು ಮೀಟರಿನ ಆಸುಪಾಸು. ಎಕರೆಗೆ 1.35 ಕಿಲೋಮೀಟರ್ ನಡಿಗೆ, ಎರಡು ದಿಕ್ಕಿಗೆ 2.7. ಗೊಬ್ಬರ ತುಂಬುವ ಹೊತ್ತು ಬಿಟ್ಟರೆ ಮುಕ್ಕಾಲು ಗಂಟೆಯ ಒಳಗೆ ಮುಗಿಯುತ್ತದೆ.

ಡ್ರಾಪಿನಲ್ಲಿ ಸಾಲಿನ ಅಂಚು ಕತ್ತರಿಸಿದಂತೆ ಇರುತ್ತದೆ. ರೋಟರಿಯಲ್ಲಿ ಗೊಬ್ಬರ ನಡುವಿನಿಂದ ಅಂಚಿಗೆ ಹೋಗುತ್ತ ತೆಳುವಾಗುತ್ತದೆ. ಒಂದು ಸಾಲಿನ ತೆಳು ಅಂಚು ಇನ್ನೊಂದರ ತೆಳು ಅಂಚಿನ ಮೇಲೆ ಬಿದ್ದು ಸಮವಾಗುತ್ತದೆ. ಅಂಗೈಯಗಲ ಆಚೀಚೆ ಆದರೂ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಲಾನಿಗೆ ಇದು ಹೊಂದುವುದು ವೇಗಕ್ಕಿಂತ ಹೆಚ್ಚಾಗಿ ಈ ಗುಣದಿಂದ.

ಕೊಳ್ಳುವಾಗ ನೋಡಬೇಕಾದದ್ದು ಬಹಳ ಇದೆ. ಮೊದಲು ಚಕ್ರ. ಗಟ್ಟಿ ಪ್ಲಾಸ್ಟಿಕ್ ಚಕ್ರ ಒದ್ದೆ ಹುಲ್ಲಿನಲ್ಲಿ ಜಾರುತ್ತದೆ. ಸಾಕಷ್ಟು ಯಂತ್ರಗಳಲ್ಲಿ ಎರಡರಲ್ಲಿ ಒಂದೇ ಚಕ್ರ ಅಚ್ಚಿಗೆ ಪಿನ್ನಿನಿಂದ ಕೂಡಿರುತ್ತದೆ, ಇನ್ನೊಂದು ಸುಮ್ಮನೆ ಉರುಳುತ್ತದೆ. ಆ ಒಂದು ಚಕ್ರ ಜಾರಿದರೆ ತಟ್ಟೆ ನಿಂತಂತೆಯೇ, ಗೊಬ್ಬರ ಮಾತ್ರ ರಂಧ್ರದಿಂದ ಸುರಿಯುತ್ತಲೇ ಇರುತ್ತದೆ. ಗಾಳಿ ತುಂಬುವ, ಹತ್ತಿಂಚಿಗಿಂತ ದೊಡ್ಡ ರಬ್ಬರ್ ಟೈರು ಇರಲಿ.

ಆಮೇಲೆ ಗೇರು. ಹಲ್ಲು ತೆರೆದಿರುವ ಪ್ಲಾಸ್ಟಿಕ್ ಗೇರಿಗೆ ಗೊಬ್ಬರದ ಧೂಳು ಕೂತು, ಇಪ್ಪತ್ತೈದು ಕಿಲೋ ಭಾರದ ಕೆಳಗೆ ಹಲ್ಲು ಸವೆಯುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗಿನ ಲೋಹದ ಗೇರು ಬೇಕು. ಚೌಕಟ್ಟು ಸ್ಟೇನ್‌ಲೆಸ್ ಸ್ಟೀಲ್ ಆದರೆ ಉತ್ತಮ. ಬಣ್ಣ ಬಳಿದ ಕಬ್ಬಿಣದ್ದಾದರೆ ಬಣ್ಣ ಎದ್ದ ಕಡೆಯಿಂದ ಗೊಬ್ಬರದ ಉಪ್ಪು ಒಳಗೊಳಗೇ ತಿನ್ನುತ್ತದೆ, ಬೋಲ್ಟಿನ ತೂತುಗಳ ಸುತ್ತ ಮೊದಲು ಕಾಣಿಸಿಕೊಳ್ಳುತ್ತದೆ.

ಹಾಪರಿನ ಅಳತೆಯನ್ನು ಕಿಲೋದಲ್ಲಿ ಹೇಳಿದರೆ ನಂಬಬೇಡಿ, ಲೀಟರಿನಲ್ಲಿ ಕೇಳಿ. 45 ಕಿಲೋ ಯೂರಿಯಾ ಚೀಲ ಹಿಡಿಯಲು ಸುಮಾರು 60 ಲೀಟರ್ ಜಾಗ ಬೇಕು. 50 ಕಿಲೋ ಡಿಎಪಿ ಅದಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ. ಒಂದೆಕರೆಗೆ 17:17:17 ಪೂರ್ತಿ ಪ್ರಮಾಣ ಎಂದರೆ 120 ಕಿಲೋ. ಇಪ್ಪತ್ತು ಕಿಲೋ ಹಿಡಿಯುವ ಹಾಪರಿಗೆ ಆರು ಸಲ ತುಂಬಬೇಕು, ನಲವತ್ತರದ್ದಾದರೆ ಮೂರೇ ಸಲ. ಹಾಗೆಂದು ಇಳಿಜಾರಿನ ಲಾನಿಗೆ ದೊಡ್ಡದನ್ನು ತಂದರೆ ನೂಕುವವರ ಗತಿ ಏನು ಎಂದೂ ಯೋಚಿಸಿ. ಗೊಬ್ಬರ, ಯಂತ್ರ ಸೇರಿ ಅರವತ್ತು ಕಿಲೋ ಏರಿಗೆ ಹೋಗುವಾಗ ನಡಿಗೆ ಕುಗ್ಗುತ್ತದೆ, ಇಳಿಯುವಾಗ ಓಟವಾಗುತ್ತದೆ, ಚಿಮ್ಮುವ ಅಗಲವೂ ಅದರೊಂದಿಗೆ ಕುಗ್ಗಿ ಹಿಗ್ಗುತ್ತದೆ.

ತಟ್ಟೆ ಒಂದೇ ದಿಕ್ಕಿಗೆ ತಿರುಗುವುದರಿಂದ ಒಂದು ಬದಿಗೆ ಹೆಚ್ಚು ಎಸೆಯುವ ಚಾಳಿ ಎಲ್ಲ ರೋಟರಿಗೂ ಇದೆ. ಒಳ್ಳೆಯ ಯಂತ್ರದಲ್ಲಿ ಇದನ್ನು ತಿದ್ದಲು ಗೊಬ್ಬರ ತಟ್ಟೆಯ ಮೇಲೆ ಬೀಳುವ ಜಾಗವನ್ನು ಸರಿಸುವ ಅಥವಾ ರಂಧ್ರಗಳಲ್ಲಿ ಒಂದನ್ನು ಅರ್ಧ ಮುಚ್ಚುವ ಏರ್ಪಾಡು ಇರುತ್ತದೆ. ಅದಿಲ್ಲದ ಯಂತ್ರ ಎಷ್ಟೇ ಅಗ್ಗವಾದರೂ ದೊಡ್ಡ ಲಾನಿಗೆ ಬೇಡ. ಬದಿಗೆ ಎಸೆಯುವುದನ್ನು ತಡೆಯುವ ಮಡಚುಹಲಗೆಯೂ ಇರಲಿ, ಕಾಲುದಾರಿಯ ಪಕ್ಕದ ಸಾಲಿಗೆ ಬೇಕಾಗುತ್ತದೆ.

ಅಂಗಡಿಗೆ ಹೋಗುವಾಗ ಒಂದೆರಡು ಕಿಲೋ ರಾಗಿ ಒಯ್ಯಿರಿ. ಗೇಟು ಪೂರ್ತಿ ಮುಚ್ಚಿ, ರಾಗಿ ಹಾಕಿ, ಅಂಗಡಿಯ ನೆಲದ ಮೇಲೆ ಹತ್ತು ಹೆಜ್ಜೆ ನೂಕಿ. ಒಂದು ಕಾಳೂ ಉದುರಬಾರದು. ಉದುರಿದರೆ ಗೇಟು ಬಾಗಿದೆ ಅಥವಾ ತಂತಿ ಸಡಿಲವಿದೆ, ಯೂರಿಯಾ ಅಲ್ಲಿಂದಲೇ ಸೋರುತ್ತದೆ. ಈ ಪರೀಕ್ಷೆ ಸೋರಿಕೆಗೆ ಮಾತ್ರ. ಪ್ರಮಾಣ ಅಳೆಯಲು ರಾಗಿ ಬೇಡ, ಅದರ ತೂಕವೇ ಬೇರೆ. ಹಾಗೆಯೇ ಗೇರು, ತಟ್ಟೆ, ಪಿನ್ನು, ಗೇಟಿನ ತಂತಿ ಇವು ಬಿಡಿಯಾಗಿ ಸಿಗುತ್ತವೆಯೇ ಕೇಳಿ. ಆಮದು ಯಂತ್ರ ಮೂಲೆ ಸೇರುವುದು ಬಹುಪಾಲು ಒಂದು ಸಣ್ಣ ಗೇರಿನ ಕಾರಣಕ್ಕೆ.

ಹೆಗಲಿಗೆ ಹಾಕಿ ತಿರುಗಿಸುವುದು

ಬಟ್ಟೆಯ ಚೀಲ, ಎದೆಯ ಮುಂದೆ ತಟ್ಟೆ, ಕೈಯಲ್ಲಿ ಹಿಡಿಕೆ. ಐದರಿಂದ ಹತ್ತು ಕಿಲೋ ಹಿಡಿಯುತ್ತದೆ. ಚಕ್ರವಿಲ್ಲದ್ದರಿಂದ ತೆಂಗಿನ ಬುಡ, ಬೇರು, ಕಡಿದಾದ ದಿಬ್ಬ, ಮೆಟ್ಟಿಲು ಯಾವುದೂ ಅಡ್ಡಿಯಾಗುವುದಿಲ್ಲ. ಮಡಿಕೇರಿ, ಚಿಕ್ಕಮಗಳೂರು ಕಡೆಯ ಇಳಿಜಾರು ಅಂಗಳಗಳಿಗೆ ನೂಕುವ ಯಂತ್ರಕ್ಕಿಂತ ಇದೇ ಮೇಲು. ಆದರೆ ಕೈ ತಿರುಗುವ ವೇಗ, ಕಾಲು ನಡೆಯುವ ವೇಗ ಎರಡನ್ನೂ ನೀವೇ ಹೊಂದಿಸಬೇಕು. ಎಡಗಾಲು ಊರಿದಾಗಲೆಲ್ಲ ಹಿಡಿಕೆ ಒಂದು ಸುತ್ತು ಎಂದು ಲೆಕ್ಕ ಕಟ್ಟಿಕೊಂಡರೆ ಹದ ಬರುತ್ತದೆ. ದಣಿವಾದಂತೆ ಕೈ ನಿಧಾನವಾಗುತ್ತದೆ, ಅಗಲ ಕಡಿಮೆಯಾಗುತ್ತದೆ. ಬ್ಯಾಟರಿಯ ಪುಟ್ಟ ಕೈಯಂತ್ರಗಳು ಮನೆಯ ಮುಂದಿನ ಎರಡು ಗುಂಟೆಗೆ ಸರಿ, ಇಲ್ಲಿ ಅವುಗಳ ಮಾತು ಬೇಡ.

ಹಿಂದೆ ಕಟ್ಟಿ ಎಳೆಯುವುದು, ಟ್ರ್ಯಾಕ್ಟರಿನದು

ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ ನಿಮ್ಮಲ್ಲಿ ಈಗಾಗಲೇ ಇದ್ದು, ಲಾನು ಎರಡೆಕರೆ ದಾಟಿದ್ದರೆ ಎಳೆಯುವ ಸ್ಪ್ರೆಡರ್ ನೋಡಬಹುದು. ತತ್ವ ನೂಕುವ ರೋಟರಿಯದ್ದೇ. ತಿರುವಿಗೆ ಜಾಗ ಬೇಕು, ಕಾಂಪೌಂಡಿನ ಗೇಟಿನ ಅಗಲ ಅಳೆಯಬೇಕು, ಮರಗಳ ನಡುವೆ ನುಸುಳುವುದಿಲ್ಲ. ಮಳೆ ಬಿದ್ದ ಕೆಂಪು ಮಣ್ಣಿನ ಮೇಲೆ ಚಕ್ರದ ದಾರಿ ಗಟ್ಟಿಯಾಗಿ ಅಲ್ಲಿ ಹುಲ್ಲು ಕಂದುತ್ತದೆ. ಹನ್ನೆರಡು ವೋಲ್ಟ್ ಮೋಟಾರಿನಿಂದ ತಟ್ಟೆ ತಿರುಗುವ ಮಾದರಿಯಾದರೆ ಒಂದು ವಿಷಯ ನೆನಪಿರಲಿ: ಗಾಡಿ ನಿಧಾನವಾದರೂ ಗೊಬ್ಬರ ಬೀಳುವ ವೇಗ ಇಳಿಯುವುದಿಲ್ಲ. ತಿರುವಿನಲ್ಲಿ ಗೇಟು ಮುಚ್ಚಲು ಮರೆತರೆ ಅಲ್ಲಿ ಸುಟ್ಟ ಅರ್ಧಚಂದ್ರ.

ಟ್ರ್ಯಾಕ್ಟರಿನ ಹಿಂದೆ ಕೂರುವ, ಎಂಜಿನ್ನಿನ ಬಲ ಹೊರಗೆ ಕೊಡುವ ಪಿಟಿಒ ದಂಡದಿಂದ ತಿರುಗುವ ಗೊಬ್ಬರದ ಕೋನು ಹೊಲಕ್ಕಾಗಿ ಮಾಡಿದ್ದು. ಅದರ ಕನಿಷ್ಠ ಪ್ರಮಾಣವೇ ಲಾನಿಗೆ ಹೆಚ್ಚಾಗುವ ಸಂಭವವಿದೆ, ಎಕರೆಗೆ 22 ಕಿಲೋ ಯೂರಿಯಾದಷ್ಟು ತೆಳುವಾಗಿ ಬಿಡಲು ಬಹಳ ಕಷ್ಟ. ದೊಡ್ಡ ಆಟದ ಮೈದಾನಕ್ಕೆ, ಅದೂ ಒಣ ನೆಲದಲ್ಲಿ ಬಾಡಿಗೆಗೆ ತರಬಹುದು. ಉಳಿದವರಿಗೆ ಬೇಡ.

ಬೆನ್ನಿನ ಪಂಪು ಇದ್ದರೆ ಸಾಲದೇ?

ಈ ಪ್ರಶ್ನೆ ಬಂದೇ ಬರುತ್ತದೆ, ಏಕೆಂದರೆ 16 ಲೀಟರಿನ ಸ್ಪ್ರೇ ಪಂಪು ಎಲ್ಲ ಕಡೆಯೂ ಇದೆ, ನೀರಿನಲ್ಲಿ ಕರಗುವ 19:19:19 ಗೊಬ್ಬರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಲೆಕ್ಕ ಹಾಕಿ ನೋಡಿ. ಎಕರೆಗೆ 200 ಲೀಟರ್ ನೀರು, ಲೀಟರಿಗೆ 5 ಗ್ರಾಂ. ಒಟ್ಟು ಒಂದು ಕಿಲೋ ಗೊಬ್ಬರ, ಅದರಲ್ಲಿ ಸಾರಜನಕ 190 ಗ್ರಾಂ. ಕಾಳುಗೊಬ್ಬರದಲ್ಲಿ ಅದೇ ಎಕರೆಗೆ ಬೀಳುವುದು 20 ಕಿಲೋ ಸಾರಜನಕ. ಅಂದರೆ ಸಿಂಪಡಣೆಯಲ್ಲಿ ಸಿಗುವುದು ನೂರಕ್ಕೆ ಒಂದು ಪಾಲು. ಅದಕ್ಕಾಗಿ ಹದಿಮೂರು ಸಲ ಪಂಪು ತುಂಬಬೇಕು. ಕಾರ್ಯಕ್ರಮಕ್ಕೆ ನಾಲ್ಕು ದಿನ ಮುಂಚೆ ಬಣ್ಣ ತರಿಸಲು, ಕಬ್ಬಿಣ, ಸತುವಿನಂಥ ಸೂಕ್ಷ್ಮ ಪೋಷಕ ಕೊಡಲು ಸಿಂಪಡಣೆ ಒಳ್ಳೆಯದು. ಹೊಟ್ಟೆ ತುಂಬಿಸುವ ಗೊಬ್ಬರ ಕಾಳಿನದ್ದೇ. ಇದೇ 19:19:19 ಪುಡಿಯನ್ನು ಸ್ಪ್ರೆಡರಿಗೆ ಸುರಿಯುವ ತಪ್ಪನ್ನೂ ಮಾಡಬೇಡಿ. ನೀರಿನಲ್ಲಿ ಕರಗಿಸಲೆಂದು ಮಾಡಿದ ಹರಳುಪುಡಿ ಅದು, ತೇವ ಹೀರಿ ಹಾಪರಿನಲ್ಲಿ ಗೋಡೆ ಕಟ್ಟುತ್ತದೆ.

ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರಕ್ಕೆ ಇವುಗಳಲ್ಲಿ ಯಾವುದೂ ಆಗುವುದಿಲ್ಲ. ಮೂರು ಮಿಲಿಮೀಟರ್ ದಪ್ಪ ಹರಡಬೇಕಾದರೂ ಗುಂಟೆಗೆ 300 ಲೀಟರ್, ಎಕರೆಗೆ 12 ಘನ ಮೀಟರ್ ಬೇಕು. ಅದನ್ನು ಜರಡಿ ಹಿಡಿದು, ಕೈಗಾಡಿಯಲ್ಲಿ ತಂದು, ಸಲಿಕೆಯಲ್ಲಿ ಬೀರಿ, ಹಲಗೆಯಿಂದ ಎಳೆಯಬೇಕು. ಅಥವಾ ಜಾಲರಿಯ ಉರುಳೆ ಸ್ಪ್ರೆಡರ್ ತರಬೇಕು. ತೇವವಿದ್ದರೆ ಅದರ ಕಣ್ಣೂ ಮುಚ್ಚುತ್ತದೆ, ನೆರಳಲ್ಲಿ ಆರಿಸಿ ತುಂಬಿ.

ತಂದ ಮೇಲೆ ಅಳತೆ ಕಟ್ಟುವುದು

ಗೇಟು ಎಷ್ಟು ತೆರೆಯಬೇಕೆಂದು ಹೊಂದಿಸುವ ಡಯಲಿನ ಮೇಲಿನ ಸಂಖ್ಯೆಗೆ ಯಾವ ಅರ್ಥವೂ ಇಲ್ಲ. ಒಂದು ಕಂಪನಿಯ 12 ಇನ್ನೊಂದು ಕಂಪನಿಯ 12 ಅಲ್ಲ, ವಿದೇಶಿ ಗೊಬ್ಬರಕ್ಕೆ ಬರೆದ ಪಟ್ಟಿ ನಮ್ಮ ಚೀಲಕ್ಕೆ ಹೊಂದುವುದಿಲ್ಲ. ನಿಮ್ಮ ಯಂತ್ರ, ನಿಮ್ಮ ಗೊಬ್ಬರ, ನೂಕುವವರ ನಡಿಗೆ ಈ ಮೂರೂ ಸೇರಿದ ಅಳತೆಯನ್ನು ನೀವೇ ಕಂಡುಹಿಡಿಯಬೇಕು. ಯಾರು ನೂಕುತ್ತಾರೋ ಅವರೇ ಪರೀಕ್ಷೆಯಲ್ಲೂ ನಡೆಯಬೇಕು. ಮೇಲಿನ ನಡಿಗೆಯ ಲೆಕ್ಕಗಳು ನೂರು ಮೀಟರಿಗೆ 80 ಸೆಕೆಂಡಿನ ನಡಿಗೆಯವು.

ಮೊದಲು ಅಗಲ. ಒಂದೇ ಅಳತೆಯ ಹನ್ನೊಂದು ಪ್ಲಾಸ್ಟಿಕ್ ಟ್ರೇಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಅರ್ಧರ್ಧ ಮೀಟರಿಗೆ ಒಂದರಂತೆ ಇಡಿ. ಚಕ್ರಗಳು ನಡುವಿನ ಟ್ರೇಯ ಆಚೀಚೆ ಹಾಯುವಂತಿರಲಿ. ಕಾಳು ಪುಟಿದು ಹೊರಬೀಳದಂತೆ ಒಳಗೆ ಹಳೆಯ ಟವೆಲ್ ಹಾಸಿ. ಒಂದೇ ದಿಕ್ಕಿನಲ್ಲಿ ಮೂರು ಸಲ ನಡೆಯಿರಿ, ಟ್ರೇಗಳಿಗಿಂತ ಐದಾರು ಮೀಟರ್ ಮೊದಲೇ ಗೇಟು ತೆರೆದು ಅಷ್ಟೇ ದೂರ ದಾಟಿದ ಮೇಲೆ ಮುಚ್ಚಿ. ಪ್ರತಿ ಟ್ರೇಯ ಗೊಬ್ಬರವನ್ನು ಒಂದೇ ರೀತಿಯ ನೇರ ಬಾಟಲಿಗಳಿಗೆ ಸುರಿದು ಸಾಲಾಗಿ ನಿಲ್ಲಿಸಿದರೆ ಯಂತ್ರದ ಗುಣ ಕಣ್ಣಿಗೆ ಕಟ್ಟುತ್ತದೆ. ನಡುವೆ ಎತ್ತರ, ಎರಡೂ ಕಡೆ ಸಮನಾಗಿ ಇಳಿದರೆ ಸರಿ. ಬಲಕ್ಕೆ ವಾಲಿದ್ದರೆ ಎಸೆತ ತಿದ್ದುವ ಕೀಲನ್ನು ಸ್ವಲ್ಪ ಸರಿಸಿ ಮತ್ತೆ ನೋಡಿ. ನಡುವಿನ ಎತ್ತರದ ಅರ್ಧ ಇರುವ ಬಾಟಲಿ ಎಡಕ್ಕೆ ಯಾವುದು, ಬಲಕ್ಕೆ ಯಾವುದು ನೋಡಿ. ಆ ಎರಡರ ಟ್ರೇಗಳ ನಡುವಿನ ದೂರವೇ ಸಾಲಿನಿಂದ ಸಾಲಿಗೆ ಬಿಡಬೇಕಾದ ಅಂತರ.

ಆಮೇಲೆ ಪ್ರಮಾಣ. ಅಂತರ ಮೂರು ಮೀಟರ್ ಬಂತೆನ್ನಿ. 33 ಮೀಟರ್ ಉದ್ದಕ್ಕೆ ಎರಡು ಗೂಟ ನೆಡಿ, ಒಂದು ಸಾಲು ನಡೆದರೆ ಒಂದು ಗುಂಟೆ. ಹಾಪರಿಗೆ ಐದು ಕಿಲೋ ತೂಗಿ ಹಾಕಿ, ಡಯಲನ್ನು ಮೂರನೇ ಒಂದು ಭಾಗಕ್ಕಿಟ್ಟು ಒಂದು ಸಾಲು ನಡೆದು, ಉಳಿದದ್ದನ್ನು ತೂಗಿ. 17:17:17ನ್ನು ಎರಡು ದಿಕ್ಕಿಗೆ ಹಾಕುವುದಾದರೆ ಒಂದು ಸಾಲಿಗೆ ಒಂದೂವರೆ ಕಿಲೋ ಖರ್ಚಾಗಬೇಕು. ಹೆಚ್ಚಾದರೆ ಇಳಿಸಿ, ಕಡಿಮೆಯಾದರೆ ಏರಿಸಿ. ಮೂರ್ನಾಲ್ಕು ಸಲದಲ್ಲಿ ಸಿಗುತ್ತದೆ. ಸಿಕ್ಕ ಸಂಖ್ಯೆಯನ್ನು ಗೊಬ್ಬರದ ಹೆಸರಿನೊಂದಿಗೆ ಹಾಪರಿನ ಮೇಲೆ ಬಣ್ಣದಲ್ಲಿ ಬರೆದುಬಿಡಿ. ಪ್ರತಿ ಸಲವೂ ಲಾನಿನಲ್ಲಿ ಬೇರೆಬೇರೆ ಜಾಗದಲ್ಲಿ ನಡೆಯಿರಿ, ಇಲ್ಲದಿದ್ದರೆ ಪರೀಕ್ಷೆಯ ಪಟ್ಟಿಯೇ ಸುಡುತ್ತದೆ. ಡ್ರಾಪ್ ಸ್ಪ್ರೆಡರಿಗೆ ಇದು ಸುಲಭ: ತಳಕ್ಕೆ ಮಡಚಿದ ತಗಡಿನ ದೋಣಿ ಕಟ್ಟಿ, 18 ಮೀಟರ್ ನೂಕಿ, ಬಿದ್ದದ್ದನ್ನು ತೂಗಿ. ಅದು ಗುಂಟೆಯ ಹತ್ತನೇ ಒಂದು ಪಾಲು.

ಹಾಕುವ ದಿನ

ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನ ಕಡೆ ಪಡುವಣ ಗಾಳಿ ಜೋರು. ಗಾಳಿಯಿಲ್ಲದ ಹೊತ್ತು ಬೆಳಗಿನ ಜಾವ, ಆದರೆ ಆಗ ಎಲೆಯ ಮೇಲೆ ನೀರಿರುತ್ತದೆ, ಕಾಳು ಅಂಟಿಕೊಂಡು ಅಲ್ಲೇ ಕರಗಿ ಸುಡುತ್ತದೆ. ಹಾಗಾಗಿ ಎಲೆ ಆರಿದ ಮೇಲೆ, ಗಾಳಿ ಏಳುವ ಮೊದಲು ಸಿಗುವ ಒಂದೆರಡು ಗಂಟೆಯೇ ಸರಿಯಾದ ಹೊತ್ತು. ಅದು ತಪ್ಪಿದರೆ ಸಂಜೆ. ಗೊಬ್ಬರವನ್ನು ಮೊದಲೇ ಜರಡಿ ಹಿಡಿದು ಗಂಟು ತೆಗೆದಿಡಿ.

ಯಂತ್ರಕ್ಕೆ ಗೊಬ್ಬರ ತುಂಬುವುದು ಸಿಮೆಂಟು ನೆಲದ ಮೇಲೆ, ಟಾರ್ಪಾಲ್ ಹಾಸಿ. ಲಾನಿನ ಎರಡೂ ತುದಿಯಲ್ಲಿ ಮೊದಲು ಎರಡೆರಡು ಅಡ್ಡಸಾಲು ಹಾಕಿಕೊಳ್ಳಿ, ಅದು ತಿರುಗುವ ಜಾಗ. ಆಮೇಲೆ ಉದ್ದ ಸಾಲು: ನಡೆಯಲು ಶುರುಮಾಡಿದ ಮೇಲೆ ಗೇಟು ತೆರೆಯಿರಿ, ಅಡ್ಡಸಾಲು ಮುಟ್ಟಿದ ಕೂಡಲೇ ನಡೆಯುತ್ತಲೇ ಮುಚ್ಚಿ, ಆಮೇಲೆ ತಿರುಗಿ. ನಿಂತು ತೆರೆಯುವುದು, ನಿಂತು ಮುಚ್ಚುವುದು ಎರಡೂ ಕಲೆಗೆ ದಾರಿ. ಹಿಂದಕ್ಕೆ ಎಳೆಯಬೇಡಿ. ಪ್ರತಿ ಸಲ ತುಂಬುವಾಗ ತಟ್ಟೆಯ ರೆಕ್ಕೆಗಳಿಗೆ ಗೊಬ್ಬರ ಮೆತ್ತಿದೆಯೇ ಬೆರಳಾಡಿಸಿ ನೋಡಿ. ಬೇವು ಲೇಪಿತ ಯೂರಿಯಾ ಮೆತ್ತುವುದು ಹೆಚ್ಚು, ಮೆತ್ತಿದ ರೆಕ್ಕೆ ಎಸೆಯುವ ದೂರವನ್ನೇ ಬದಲಿಸುತ್ತದೆ.

ಕಾಲುದಾರಿಗೆ, ಡ್ರೈವ್‌ವೇಗೆ ಸಿಡಿದ ಕಾಳನ್ನು ಪೊರಕೆಯಿಂದ ಲಾನಿಗೇ ಗುಡಿಸಿ. ಅಲ್ಲೇ ಬಿಟ್ಟರೆ ಮುಂದಿನ ಮಳೆಗೆ ಚರಂಡಿ, ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ, ಅಲ್ಲಿ ಪಾಚಿಗೆ ಆಹಾರವಾಗುತ್ತದೆ. ಕೆರೆಯ ದಡದ ಲಾನಾಗಿದ್ದರೆ ನೀರಿನ ಪಕ್ಕದ ಮೂರು ಮೀಟರಿಗೆ ರೋಟರಿ ಬೇಡವೇ ಬೇಡ.

ಗೊಬ್ಬರ ಬಿದ್ದ ದಿನವೇ ನೀರು ಹಾಯಿಸಬೇಕು, ಕಡೇಪಕ್ಷ ಆರು ಮಿಲಿಮೀಟರ್. ಯೂರಿಯಾ ಮೇಲೆಯೇ ಉಳಿದರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಒಂದೆಕರೆಗೆ ಆರು ಮಿಲಿಮೀಟರ್ ಎಂದರೆ 24,000 ಲೀಟರ್, ಆರು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದು ಆದೇಶಿಸಿದ್ದು ನೆನಪಿರಬಹುದು. ಆದ್ದರಿಂದ ಮುಂಗಾರು ಹಿಡಿದ ಮೇಲೆ, ಹದವಾದ ಜಿಟಿಜಿಟಿ ಮಳೆಗೆ ಮುಂಚೆ ಹಾಕುವುದೇ ಜಾಣತನ. ಸಿಡಿಲಿನ ಜಡಿಮಳೆ ಬರುವಂತಿದ್ದರೆ ಕೆಲಸವನ್ನು ಮುಂದೂಡಿ, ಇಲ್ಲದಿದ್ದರೆ ಹಾಕಿದ್ದೆಲ್ಲ ಕೊಚ್ಚಿಹೋಗುತ್ತದೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ನೀರನ್ನು ಲಾನಿಗೆ ಬಿಡುತ್ತಿದ್ದರೆ ಅದರಲ್ಲೇ ಒಂದಿಷ್ಟು ಸಾರಜನಕ ಇರುತ್ತದೆ, ಗೊಬ್ಬರವನ್ನು ಅರ್ಧಕ್ಕಿಳಿಸಿ ಶುರುಮಾಡಿ. ನೀರು ಹಾಯಿಸಿ ಹುಲ್ಲು ಆರುವವರೆಗೆ ಮಕ್ಕಳನ್ನು, ನಾಯಿಯನ್ನು ಬಿಡಬೇಡಿ. ದನ ಯೂರಿಯಾ ಚೀಲಕ್ಕೆ ಬಾಯಿ ಹಾಕದಂತೆ ನೋಡಿಕೊಳ್ಳಿ, ಅದು ಪ್ರಾಣಕ್ಕೇ ಕುತ್ತು.

ಎಲ್ಲಾದರೂ ಗೊಬ್ಬರ ಗುಡ್ಡೆಯಾಗಿ ಸುರಿದುಬಿಟ್ಟರೆ ನೀರು ಹಾಕುವ ಮೊದಲು ಮೊರ, ಪೊರಕೆ ತಂದು ಬಳಿದು ತೆಗೆಯಿರಿ. ಆಮೇಲಷ್ಟೇ ಆ ಜಾಗಕ್ಕೆ ಬಕೆಟ್ಟುಗಟ್ಟಲೆ ನೀರು.

ಯಾರಿಗೆ ಯಾವುದು

ಅರ್ಧ ಎಕರೆಯ ಮದುವೆ ಲಾನು, ಸಪಾಟು, ನಡುವೆ ಅಡ್ಡಿಯಿಲ್ಲ: 25 ಕಿಲೋದ ನೂಕುವ ರೋಟರಿ, ಗಾಳಿಟೈರು. ಬದಿಯ ಹಲಗೆ ಇದ್ದರೆ ಬೇರೇನೂ ಬೇಡ. ಮುಹೂರ್ತಕ್ಕೆ ಹತ್ತು ದಿನ ಮುಂಚೆ ಗೊಬ್ಬರ ಮುಗಿಸಿ.

ಅಪಾರ್ಟ್‌ಮೆಂಟಿನಲ್ಲಿ ಎಲ್ಲ ಸೇರಿ ಮುಕ್ಕಾಲು ಎಕರೆ, ಆದರೆ ಹದಿನೈದು ತುಂಡು: ಇಲ್ಲಿ ಎರಡು ಯಂತ್ರದ ಖರ್ಚು ಮಾಡಲೇಬೇಕು. ದೊಡ್ಡ ತುಂಡುಗಳಿಗೆ ಮಧ್ಯಮ ರೋಟರಿ, ಕಾಲುದಾರಿ ಪಕ್ಕದ ಪಟ್ಟಿಗಳಿಗೆ ಡ್ರಾಪ್. ಗುತ್ತಿಗೆಯವರು ತಿಂಗಳಿಗೊಬ್ಬರನ್ನು ಕಳಿಸುವ ಕಡೆ ಹಾಪರಿನ ಮೇಲೆ ಬರೆದ ಸಂಖ್ಯೆಯೇ ಆಧಾರ.

ಇಳಿಜಾರಿನ ಹೋಮ್‌ಸ್ಟೇಗೆ ಹೆಗಲಿನ ಸ್ಪ್ರೆಡರ್. ಎರಡೆಕರೆಯ ಶಾಲಾ ಮೈದಾನಕ್ಕೆ 40 ಕಿಲೋಗೂ ಮೇಲ್ಪಟ್ಟ, ಸ್ಟೇನ್‌ಲೆಸ್ ಚೌಕಟ್ಟಿನ ನೂಕುವ ರೋಟರಿ. ಎಳೆಯುವ ಸ್ಪ್ರೆಡರಿಗೆ ಹಣ ಹಾಕುವ ಮೊದಲು ಇದನ್ನೇ ನೋಡಿ, ಇಬ್ಬರು ಸರದಿಯಲ್ಲಿ ನೂಕಿದರೆ ಒಂದು ಬೆಳಗಿನಲ್ಲಿ ಮುಗಿಯುತ್ತದೆ.

ಯಾವುದೇ ತಂದರೂ, ಅದು ಎಷ್ಟು ವರ್ಷ ಬಾಳುತ್ತದೆ ಎನ್ನುವುದು ಕೆಲಸ ಮುಗಿದ ಮೇಲಿನ ಹದಿನೈದು ನಿಮಿಷದಲ್ಲಿದೆ. ಉಳಿದ ಗೊಬ್ಬರವನ್ನು ಚೀಲಕ್ಕೆ ವಾಪಸ್ ಸುರಿದು ಬಾಯಿ ಬಿಗಿಯಾಗಿ ಕಟ್ಟಿ. ಗಾಳಿಯ ತೇವ ಶೇಕಡಾ ಎಪ್ಪತ್ತು ದಾಟಿದರೆ ಯೂರಿಯಾ ನೀರು ಹೀರಲು ಶುರುಮಾಡುತ್ತದೆ, ನಮ್ಮ ಮಳೆಗಾಲದ ರಾತ್ರಿಯಲ್ಲಿ ಹಾಪರಿನಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಲ್ಲು. ಗೇಟು ಪೂರ್ತಿ ತೆರೆದು ಹಾಪರು, ತಟ್ಟೆ, ಚೌಕಟ್ಟು ತೊಳೆಯಿರಿ, ತೊಳೆದ ನೀರು ಲಾನಿನ ಮೇಲೆ ಹರಡಿ ಹೋಗಲಿ, ಒಂದೇ ಕಡೆ ನಿಲ್ಲದಿರಲಿ. ಚಕ್ರ ತಿರುಗಿಸಿ ನೀರು ಕೊಡವಿ, ಬಿಸಿಲಿಗೆ ಒಣಗಿಸಿ. ಅಚ್ಚಿಗೆ, ಗೇಟಿನ ಕೀಲಿಗೆ ಎರಡು ಹನಿ ಎಣ್ಣೆ, ಒರೆಸಿ ತೆಗೆಯುವಷ್ಟು ಮಾತ್ರ, ಹೆಚ್ಚಾದರೆ ಧೂಳು ಹಿಡಿಯುತ್ತದೆ. ಗೇಟು ತೆರೆದೇ ಇರುವಂತೆ ಬಿಟ್ಟು, ಗೊಬ್ಬರದ ಚೀಲಗಳಿಲ್ಲದ ಕೋಣೆಯಲ್ಲಿ ನಿಲ್ಲಿಸಿ.